ಯಾರೂ ನೋಡದ ವಿಡಿಯೊ

ದೊಡ್ಡ ನಾಯಕರೊಬ್ಬರ ಮಾನ ಕಳೆಯುವಂಥ ವಿಡಿಯೊ ವಿರೋಧಿಗಳ ಕೈಯಲ್ಲಿದೆ, ಹೋಟೆಲ್ ಕೋಣೆಯಲ್ಲಿ ಕದ್ದು ತೆಗೆದದ್ದು ಎಂಬ ಗುಸುಗುಸು ಊರೆಲ್ಲ ಹಬ್ಬಿತ್ತು. ಅದರ ನಿಜ ಸುಳ್ಳು ನೋಡುವ ಕೆಲಸ ಪತ್ರಿಕೆಯೊಂದರ ಸುದ್ದಿ ಪರಿಶೀಲಕಿಯ ತಲೆಗೆ ಬಂತು.

ವಿಡಿಯೊ ನೋಡಿದವರಿದ್ದಾರೆ ಎಂದು ಫೇಸ್‌ಬುಕ್ಕಿನಲ್ಲಿ ಬರೆದಿದ್ದ ವಕೀಲರನ್ನು ಮೊದಲು ಕೇಳಿದಳು. ಅವರು, ತಮಗೆ ಹೇಳಿದ್ದು ಆ ಹೋಟೆಲಿನ ಮ್ಯಾನೇಜರ್ ಎಂದರು. ಮ್ಯಾನೇಜರ್ ಕೋಣೆಯ ಬೀಗ ತೆಗೆದು ತೋರಿಸಿದ. ನಾಯಕರು ಅಲ್ಲಿ ತಂಗಿದ್ದು ಹೌದು. ಆಮೇಲೆ ಗೋಡೆಗೆ ಹೊಸ ಬಣ್ಣ ಬಂದಿತ್ತು, ದೀಪಗಳೂ ಬದಲಾಗಿದ್ದವು. ಕ್ಯಾಮೆರಾ ಇತ್ತು ಎನ್ನಲು ಏನೂ ಇರಲಿಲ್ಲ, ಇರಲಿಲ್ಲ ಎನ್ನಲೂ ಏನೂ ಇರಲಿಲ್ಲ.

"ನಾನೆಲ್ಲಿ ನೋಡ್ದೆ ಮೇಡಂ? ಬ್ಯಾಂಕಿನವರೊಬ್ರು ಹೇಳಿದ್ರು. ಅವರ ನಾದಿನಿ ಪತ್ರಿಕೇಲಿದಾರಂತೆ, ಆಯಮ್ಮ ಪೂರ್ತಿ ನೋಡಿದಾರಂತೆ," ಎಂದ ಮ್ಯಾನೇಜರ್.

ಪರಿಶೀಲಕಿಯ ಭಾವ, ಅಕ್ಕನ ಗಂಡ, ಬ್ಯಾಂಕಿನಲ್ಲಿದ್ದ.

ಸೀದಾ ಅಕ್ಕನ ಮನೆಗೆ ಹೋದಳು. ಹಿಂದಿನ ವಾರ ಅಲ್ಲೇ ಊಟ ಮಾಡುತ್ತ, ಇಂಥದ್ದೊಂದು ಸುದ್ದಿ ಪರಿಶೀಲಿಸುತ್ತಿದ್ದೇನೆ ಎಂದು ಅವಳೇ ಬಾಯಿಬಿಟ್ಟಿದ್ದಳು. ಭಾವ ಅದಕ್ಕೆ ಉಪ್ಪು ಖಾರ ಹಚ್ಚಿ ಆಫೀಸಿನಲ್ಲಿ ಜಂಬ ಕೊಚ್ಚಿದ್ದ. ಈಗ ಅವನು ಕೋಣೆ ಬಿಟ್ಟು ಹೊರಗೆ ಬರಲೇ ಇಲ್ಲ. ಅಕ್ಕ ಮಾತ್ರ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

"ನೋಡಿದೀನಿ ಅಂತ ಹೇಳು ಅನ್ನಲ್ಲ ಕಣೇ. ನೋಡಿಲ್ಲ ಅಂತ ಹೇಳ್ಬೇಡ, ಅಷ್ಟೇ. ಅವರು ನಾಳೆ ನಾಲ್ಕು ಜನಕ್ಕೆ ಮುಖ ತೋರಿಸ್ಬೇಕು."

ಮರುದಿನ ನಾಯಕರ ಕಾರ್ಯದರ್ಶಿ ಕಚೇರಿಗೇ ಬಂದ. ಸಂಪಾದಕರ ಎದುರು ಕೂತು, ಸುದ್ದಿ ಹಸಿ ಸುಳ್ಳು ಎಂದು ಬರೆಯಬೇಕು ಎಂದ. ಪುರಾವೆ ಇಲ್ಲ ಎಂದಷ್ಟೇ ಬರೆಯಬಲ್ಲೆ ಎಂದಳು ಅವಳು.

"ಬ್ಯಾಂಕಿನವರು ನಿಮಗೆ ಏನಾಗ್ಬೇಕು ಅನ್ನೋದು ನಮಗೂ ಗೊತ್ತಮ್ಮ," ಎಂದು ಅವನು ಮೆಲ್ಲಗೆ ಹೇಳಿದ.

ಅಡಕತ್ತರಿಯಲ್ಲಿ ಸಿಕ್ಕಂತಾಯಿತು ಅವಳಿಗೆ. ಸುಳ್ಳು ಎಂದರೆ ತಿಳಿಯದ್ದನ್ನು ತಿಳಿದಂತೆ ಹೇಳಬೇಕು. ಸುಮ್ಮನಿದ್ದರೆ ವಿಡಿಯೊ ಇದೆ ಎಂದಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅಕ್ಕನ ಮನೆಯ ಮಾನ ಹೋಗುತ್ತದೆ. ಕೊನೆಗೆ ಬರೆದಳು: ವಿಡಿಯೊ ನೋಡಿದವರು ಯಾರೂ ಸಿಗಲಿಲ್ಲ, ನೋಡಿದ್ದಾರೆ ಎಂಬ ಮಾತು ಹುಟ್ಟಿದ್ದು ಈ ವರದಿಗಾರ್ತಿಯ ಮನೆಯವರಿಂದಲೇ. ಸಂಪಾದಕರು ಎರಡು ಸಲ ಓದಿ, ಒಂದಕ್ಷರವೂ ತಿದ್ದದೆ ಅಚ್ಚಿಗೆ ಕಳಿಸಿದರು.

ನಾಯಕರ ಕಡೆಯವರು ಪತ್ರಿಕೆ ತಪ್ಪೊಪ್ಪಿಕೊಂಡಿತು ಎಂದರು. ನಾಯಕರೇ ಅವಳ ಬಾಯಿ ಮುಚ್ಚಿಸಿದ್ದಾರೆ ಎಂದರು ವಿರೋಧಿಗಳು. ಅಕ್ಕ ಫೋನು ಎತ್ತುವುದನ್ನು ಬಿಟ್ಟಳು.

ಒಂದು ಸಂಜೆ ಲಿಫ್ಟಿನಲ್ಲಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಸಿಕ್ಕಿದರು. ಬಾಗಿಲು ಮುಚ್ಚಿಕೊಳ್ಳುವುದನ್ನೇ ಕಾಯುತ್ತಿದ್ದವರಂತೆ, ನಿಜವಾಗಿ ಅದರಲ್ಲಿ ಏನಿತ್ತು ಎಂದು ಕೇಳಿದರು.

"ನಾನು ನೋಡಿಲ್ಲ ಸರ್."

ಮೇಷ್ಟ್ರು ಮರುಕದಿಂದ ತಲೆಯಾಡಿಸಿದರು.

"ಗೊತ್ತಾಯ್ತು ಬಿಡಮ್ಮ. ಹೇಳೋ ಹಾಗಿಲ್ಲ ಅಲ್ವಾ?"