ಕುದಿ ಬಂದ ಹೊತ್ತು

ಹೊಲಿಗೆ ಹಾಕಿಸಿಕೊಂಡು ಹೋದವರು ಕೀವು ತುಂಬಿಕೊಂಡು ವಾಪಸು ಬರತೊಡಗಿದ್ದು ಚಳಿ ಶುರುವಾದ ಮೇಲೆ. ಮೊದಲು ಒಬ್ಬ ಬಡಗಿ, ಆಮೇಲೆ ಒಬ್ಬ ಬಸ್ ಕಂಡಕ್ಟರು, ಹೀಗೆ ಮೂರು ವಾರದಲ್ಲಿ ಏಳು ಜನ. ನಮ್ಮದು ಮೂರು ಕೋಣೆಯ ಕ್ಲಿನಿಕ್ಕು. ಒಬ್ಬರು ಡಾಕ್ಟರು, ನರ್ಸ್ ನಾನು, ಒಬ್ಬಳು ಆಯಾ. ಕತ್ತರಿ, ಚಿಮಟ, ಸೂಜಿಗಳನ್ನು ದಿನಾ ಬೆಳಿಗ್ಗೆ ಕುದಿಸಿಡುವುದು ಆಯಾಳ ಕೆಲಸ. ಹಾಗಾಗಿ ಯಾರ ಮೇಲೆ ಅನುಮಾನಪಡಬೇಕೆಂದು ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಅವಳ ಮಗಳಿಗೆ ಹೆರಿಗೆಯಾಗಿ ಆಗಷ್ಟೇ ತಿಂಗಳಾಗಿತ್ತು. ಬಾಣಂತಿ, ಮಗು, ಅಡುಗೆ ಎಲ್ಲ ಇವಳ ತಲೆಯ ಮೇಲೆ. ಇಲ್ಲಿದ್ದರೂ ಜೀವವೆಲ್ಲ ಮನೆಯಲ್ಲೇ. ಅರ್ಧ ಗಂಟೆ ಇಡಬೇಕಾದ್ದನ್ನು ಹತ್ತು ನಿಮಿಷಕ್ಕೇ ಎತ್ತಿಟ್ಟು ಮನೆಗೊಂದು ಸುತ್ತು ಓಡಿ ಬರುತ್ತಾಳೆ, ಇನ್ನೇನು?

“ಶನಿವಾರದೊಳಗೆ ಖಚಿತ ಮಾಡ್ಕೊಂಡು ಹೇಳಿ ಸಿಸ್ಟರ್. ಅವಳದೇ ತಪ್ಪಾದ್ರೆ ಕೆಲಸ ಬಿಡಿಸಿಬಿಡೋಣ” ಎಂದರು ಡಾಕ್ಟರು. ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನದಿಂದ ಒಂದು ಗಂಟೆ ಮೊದಲೇ ಬಂದು, ಔಷಧಿ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತೆ. ನಾಲ್ಕು ದಿನ ಹೀಗೇ ಕಾದೆ. ಕುದಿಸುವ ಕರೆಂಟಿನ ಸ್ಟೀಲ್ ಪೆಟ್ಟಿಗೆಗೆ ನಲ್ಲಿ ನೀರು ತುಂಬುತ್ತಿದ್ದಳು, ಸಾಮಾನು ಹಾಕುತ್ತಿದ್ದಳು, ಮುಚ್ಚಳ ಮುಚ್ಚಿ ಸ್ವಿಚ್ ಹಾಕುತ್ತಿದ್ದಳು. ಅಲಾರಂ ಗಡಿಯಾರಕ್ಕೆ ಅರ್ಧ ಗಂಟೆ ಕೊಟ್ಟು ಸ್ಟೂಲಿನ ಮೇಲೆ ಕೂತರೆ ಮುಗಿಯಿತು, ಗಂಟೆ ಹೊಡೆಯುವವರೆಗೆ ಚಹಾ ಕುಡಿಯಲೂ ಏಳುತ್ತಿರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಸಿಟ್ಟು ಬಂತು. ಗಡಿಯಾರವನ್ನೇ ಮುಂದೆ ತಿರುಗಿಸಿಟ್ಟಿದ್ದಾಳೋ ಎಂದು ನನ್ನ ವಾಚಿಗೆ ಹೋಲಿಸಿ ನೋಡಿದೆ. ಒಂದು ನಿಮಿಷವೂ ಆಚೀಚೆ ಇರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನ್ನ ಪಾಡು ಅದೇ ಆಗಿತ್ತು.

ಶುಕ್ರವಾರ ತಡೆಯಲಾಗದೆ ಒಳಗೆ ನುಗ್ಗಿ ಮುಚ್ಚಳ ತೆಗೆದೆ. ಸ್ವಿಚ್ ಹಾಕಿ ಹದಿನೈದು ನಿಮಿಷವಾಗಿತ್ತು. ತಳದಲ್ಲಿ ಸಣ್ಣ ಸಣ್ಣ ಗುಳ್ಳೆ, ಅಷ್ಟೇ.

“ಇನ್ನೂ ಯಾಕೆ ಕುದಿ ಬಂದಿಲ್ಲ?”

“ನೀರು ಐಸ್ ಥರ ಇದೆಯಲ್ಲ ಸಿಸ್ಟರ್. ಈಗ ಕುದಿ ಬರೋಕೆ ಹತ್ತೊಂಬತ್ತು ನಿಮಿಷ ಹಿಡಿಯತ್ತೆ. ಬೇಸಿಗೇಲಿ ಹತ್ತೇ ನಿಮಿಷಕ್ಕೆ ಬರ್ತಿತ್ತು.”

“ಮತ್ತೆ ಅರ್ಧ ಗಂಟೆಗೇ ತೆಗೀತೀಯಲ್ಲ?”

“ಸ್ವಿಚ್ ಹಾಕಿ ಅರ್ಧ ಗಂಟೆ ಅಂತ ನೀವೇ ಹೇಳಿದ್ದು. ಇನ್ನು ಸ್ವಲ್ಪ ಹೊತ್ತು ಬಿಡ್ಲಾ ಅಂತ ಹೋದ ತಿಂಗಳು ಕೇಳಿದೆ. ‘ಹೇಳಿದಷ್ಟು ಮಾಡು, ಅಧಿಕಪ್ರಸಂಗ ಬೇಡ’ ಅಂದ್ರಿ.”

ಅಂದಿದ್ದೆ. ಆ ನಿಯಮ ಮಾಡಿದ್ದೂ ನಾನೇ, ಅದೇ ವರ್ಷದ ಬೇಸಿಗೆಯಲ್ಲಿ. ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು, ನಲ್ಲಿಯಲ್ಲಿ ಬೆಳಿಗ್ಗೆಯೂ ಸ್ನಾನಕ್ಕಾಗುವಷ್ಟು ಬಿಸಿನೀರು ಬರುತ್ತಿತ್ತು. ಕುದಿ ಬರಲು ಹತ್ತು ನಿಮಿಷ, ಕುದಿಯಲು ಇಪ್ಪತ್ತು, ಒಟ್ಟು ಅರ್ಧ ಗಂಟೆ. ತಣ್ಣೀರು ಕುದಿಯಲು ಹೆಚ್ಚು ಹೊತ್ತು ಬೇಕೆಂಬುದು ಚಹಾಕ್ಕೆ ನೀರಿಟ್ಟವರಿಗೆಲ್ಲ ಗೊತ್ತು. ಓದಿಕೊಂಡ ನನಗೆ ಹೊಳೆಯಲಿಲ್ಲ. ಇಪ್ಪತ್ತು ನಿಮಿಷ ಕುದಿಯಬೇಕಾದ ಕತ್ತರಿ ಈ ಚಳಿಯಲ್ಲಿ ಕುದಿಯುತ್ತಿದ್ದದ್ದು ಹನ್ನೊಂದೇ ನಿಮಿಷ. ಏಳು ಜನರ ಕೀವಿಗೆ ಕಾರಣ ನಾನು.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕರು.

“ಬಾಣಂತಿ ಇರೋ ಮನೆ, ಪಾಪ ಅಂತ ನೀವೇ ತಪ್ಪನ್ನ ಮೈಮೇಲೆ ಎಳ್ಕೊಳ್ತಿದೀರಾ ಸಿಸ್ಟರ್?”

ನನ್ನ ಮಾತನ್ನೂ ಅನುಮಾನಿಸುತ್ತಿದ್ದರು! ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು. ಕರುಣಾಮಯಿ ಎನ್ನಿಸಿಕೊಂಡು ಹೊರಗೆ ಬರುತ್ತಿದ್ದೆ, ಅವಳು ಶನಿವಾರ ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಿದ್ದಳು. ಒಂದು ಗಳಿಗೆ ಆಸೆಯಾಯಿತು. ಹೇಳಿಕೊಳ್ಳಲು ಈಗಲೂ ನಾಚಿಕೆ. ಆಮೇಲೆ ಡಾಕ್ಟರನ್ನು ಕುರ್ಚಿಯಿಂದ ಎಬ್ಬಿಸಿ ಕರೆದುಕೊಂಡು ಹೋಗಿ, ಪೆಟ್ಟಿಗೆ ತಣ್ಣಗಾದ ಮೇಲೆ ಹೊಸ ನೀರು ತುಂಬಿ, ವಾಚು ಹಿಡಿದು ನಿಲ್ಲಿಸಿದೆ. ಹತ್ತೊಂಬತ್ತನೇ ನಿಮಿಷಕ್ಕೆ ನೀರು ಕುದಿಯಿತು. ಅವರು ವಾಚು ವಾಪಸು ಕೊಟ್ಟು ತಮ್ಮ ಕೋಣೆಗೆ ಹೋದರು.

ಆಯಾಳ ಕೆಲಸ ಉಳಿಯಿತು. ನಾನು ಕ್ಷಮೆ ಕೇಳಿದೆ. “ಇರ್ಲಿ ಬಿಡಿ ಸಿಸ್ಟರ್” ಅಂದಳು. ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ ಎಂದು ನಿಯಮ ಬದಲಾಯಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಒಳಗಿಂದ ಕೂಗಿದಳು. “ಸಿಸ್ಟರ್, ಕುದಿ ಬಂತು. ಬಂದು ನೋಡಿ.”

“ನಾನ್ಯಾಕೆ? ನೀನೇ ನೋಡ್ಕೊಂಡು ಅಲಾರಂ ಇಡು.”

“ಬೇಡ. ಬಾಗಿಲ ಸಂದೀಲಿ ನಿಂತು ನೋಡೋ ಬದಲು ಎದುರಿಗೇ ಬಂದು ನೋಡಿ. ನಾಳೆ ಮತ್ತೇನಾದ್ರೂ ಆದ್ರೆ ಯಾರನ್ನ ಕೇಳ್ತೀರಿ ಅಂತ ನಂಗೊತ್ತು.”

ಎದ್ದು ಹೋಗಿ ನೋಡಿದೆ. ಈಗ ಮತ್ತೆ ಬೇಸಿಗೆ ಬಂದಿದೆ, ನೀರು ಹತ್ತೇ ನಿಮಿಷಕ್ಕೆ ಕುದಿಯುತ್ತದೆ. ನಾನು ಹೋಗಿ ನೋಡಿ ಹೂಂ ಅನ್ನುವವರೆಗೆ ಅವಳು ಗಡಿಯಾರ ಮುಟ್ಟುವುದಿಲ್ಲ.