ಸುರು ಕುಂಟುವ ಜಾಗ

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ತೊವಾದರ್ ಗ್ರಿಗ ತನ್ನ ಬೂದು ಕುದುರೆ ಸುರುವನ್ನು ಮೂರನೇ ಸಲ ಇಲಿಯೆಶನ ಕುಲುಮೆಗೆ ತಂದ. ಕುದುರೆ ಕುಂಟುತ್ತದೆ ಎಂಬುದು ಅವನ ದೂರು. ಕುದುರೆ ಕುಂಟುತ್ತಿರಲಿಲ್ಲ.

ಮರಮುರೆಶ್ ಬೆಟ್ಟನಾಡಿನ ಆ ಕಣಿವೆಯಲ್ಲಿ ಬೀಚ್ ಮರದ ದಿಮ್ಮಿಗಳನ್ನು ಕಾಡಿನಿಂದ ಇಳಿಸುವುದು ಜೋಡಿ ಕುದುರೆಗಳು. ಅವಕ್ಕೆಲ್ಲ ಲಾಳ ಹೊಡೆಯುವವನು ಇಲಿಯೆಶ್. ಕುಲುಮೆಗೆ ಜೋಡಿಯಲ್ಲಿ ಒಂದನ್ನು ಮಾತ್ರ ತರುವುದು ಅಲ್ಲಿಯ ರೂಢಿ. ಇನ್ನೊಂದು ಮನೆಯಲ್ಲಿ ಕೆಲಸಕ್ಕೆ ಬೇಕು.

"ನಿನ್ನೆ ಕಾಡಲ್ಲಿ ಹೆಜ್ಜೆಹೆಜ್ಜೆಗೂ ತಲೆ ಎತ್ತಿ ಕುಂಟಿದಾನೆ, ಇಲಿಯೆಶಣ್ಣ."

"ಯಾವ ಕಾಲು?"

"ಮುಂದಿನದು. ಎಡಗಾಲು. ಆಮೇಲೆ ಬಲಗಾಲು ಅನ್ನಿಸ್ತು."

"ಕುಡಿದಿದ್ದೆಯಾ?"

"ಕಾಡಿನ ಕೆಲಸದಲ್ಲಾ? ಹೆಂಡತಿ ಪಲಾಗ ನನ್ನ ಕೊಲ್ತಾಳೆ."

ಇಲಿಯೆಶ್ ಇಕ್ಕಳದಿಂದ ಗೊರಸನ್ನು ಸುತ್ತಲೂ ಒತ್ತಿ ನೋಡಿದ. ಕುದುರೆ ಕಾಲು ಎಳೆದುಕೊಳ್ಳಲಿಲ್ಲ. ಬಿಸಿ ಇರಲಿಲ್ಲ. ಮೊಳೆಗಳನ್ನು ಒಂದೊಂದಾಗಿ ಕಿತ್ತು ಮೂಸಿದ. ಕೀವಿನ ವಾಸನೆಯೂ ಇಲ್ಲ. ಲಾಳ ಕೀಳುವ ಮೊದಲು ಜಲ್ಲಿಯ ಮೇಲೆ ಓಡಿಸಿದಾಗಲೂ ಹೆಜ್ಜೆ ಗಡಿಯಾರದಂತೆ ಬಿದ್ದಿತ್ತು.

ಸುರುವಿನ ಲಾಳ ಎಲ್ಲ ಕುದುರೆಗಳ ಲಾಳದಂತಲ್ಲ. ಎಳೆಯುವಾಗ ಜೋಡಿಯ ನಡುವೆ ಇರುವ ಮೂಕಿಮರದ ಕಡೆಗೆ ವಾಲುವುದು ಅದರ ಅಭ್ಯಾಸ. ಹೀಗಾಗಿ ಗೊರಸುಗಳ ಬಲ ಅಂಚು ಬೇಗ ಸವೆಯುತ್ತಿತ್ತು. ವರ್ಷಗಳಿಂದ ಇಲಿಯೆಶ್ ಅದರ ಪ್ರತಿ ಲಾಳದ ಬಲಬದಿಯ ತೋಳನ್ನು ತುಸು ದಪ್ಪವಾಗಿ ಬಡಿಯುತ್ತಿದ್ದ. ಕುದುರೆ ಎಂದೂ ತೊಂದರೆ ಕೊಟ್ಟಿರಲಿಲ್ಲ.

"ನಿನ್ನ ಕಣ್ಣಿಗೆ ಲಾಳ ಹೊಡೀಬೇಕು," ಎಂದ ಇಲಿಯೆಶ್.

ತೊವಾದರ್ ನಗಲಿಲ್ಲ. "ಶುಕ್ರವಾರ ಮಾಂಸಕ್ಕೆ ಕುದುರೆ ಕೊಳ್ಳೋ ಲಾರಿ ಬರುತ್ತೆ. ಬರೋಕೆ ಹೇಳಿದೀನಿ. ದುಡಿಯದ ಕುದುರೆನ ಚಳಿಗಾಲ ಪೂರ್ತಿ ಸಾಕೋಕೆ ನನ್ನ ಹತ್ರ ಹುಲ್ಲಿಲ್ಲ ಅಣ್ಣ."

ಇಲಿಯೆಶ್ ಅದೇ ಲಾಳಗಳನ್ನು ಮತ್ತೆ ಹೊಡೆದ. ಬೇರೇನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅದೇ ಯೋಚನೆ ತಲೆ ತಿನ್ನುತ್ತಿದ್ದುದರಿಂದ ಗುರುವಾರ ಕುಲುಮೆ ಮುಚ್ಚಿ, ಚೀಲ ಹೆಗಲಿಗೇರಿಸಿ ತಾನೇ ಕಾಡಿಗೆ ಹತ್ತಿದ.

ಇಳಿಜಾರಿನಲ್ಲಿ ತೊವಾದರನ ಜೋಡಿ ಬರುತ್ತಿತ್ತು. ಸುರು ಕುಂಟುತ್ತಿತ್ತು. ತಲೆ ಎತ್ತಿ, ಎದ್ದು ಕಾಣುವಂತೆ.

"ನೋಡಿದೆಯಾ?" ಎಂದು ತೊವಾದರ್ ಗೆದ್ದವನಂತೆ ಕೂಗಿದ. ಗೆದ್ದು ಕಳೆದುಕೊಳ್ಳುವುದು ತನ್ನದೇ ಕುದುರೆಯನ್ನು ಎಂಬುದು ನೆನಪಾಗಿ ಲಗಾಮು ಎಳೆದು ಜೋಡಿಯನ್ನು ನಿಲ್ಲಿಸಿದ.

ಇಲಿಯೆಶ್ ಮುಂದಿನಿಂದ ನೋಡಿದ. ಹಿಂದೆ ಹೋಗಿ ನೋಡಿದ. ಕಾಲುಗಳಲ್ಲಿ ಏನೂ ಕಾಣಲಿಲ್ಲ. ಗೊರಸು ಎತ್ತಲು, ಸುರು ನಿಲ್ಲುತ್ತಿದ್ದ ಜಾಗವೆಂಬ ಹಳೇ ನೆನಪಿನಲ್ಲಿ, ಜೋಡಿಯ ಎಡಗಡೆಗೆ ಹೋದವನು ಕಂದು ಬಣ್ಣದ ಹೆಣ್ಣು ಕುದುರೆಯ ಹೆಗಲಿಗೆ ಕೈಯಿಟ್ಟಿದ್ದ.

"ಸುರು ಯಾಕೆ ಆ ಕಡೆ ಇದಾನೆ?"

"ಯಾವ ಕಡೆ? ಕಟ್ಟಿದ ಕಡೆ ಇದಾನೆ."

"ಅವನು ಮೂಕಿಯ ಎಡಗಡೆ ಕಟ್ಟೋ ಕುದುರೆ ಅಲ್ವೇನೋ!"

"ಹಳೇ ಜೊತೆಗಾರ ಸತ್ತ ಮೇಲೆ ಇವಳನ್ನ ತಂದೆ. ಇವಳು ಬಲಗಡೆ ನಿಲ್ಲಲ್ಲ, ಒದೀತಾಳೆ. ಸುರು ಸಾಧು. ಅವನನ್ನ ಬಲಕ್ಕೆ ಹಾಕಿದೆ. ಅದಕ್ಕೂ ಲಾಳಕ್ಕೂ ಏನು ಸಂಬಂಧ?"

ಇಲಿಯೆಶ್ ದಿಮ್ಮಿಯ ಮೇಲೆ ಕುಳಿತ. ಬಲಗಡೆಗೆ ಬಂದ ಕುದುರೆಗೆ ಮೂಕಿ ಈಗ ಎಡಕ್ಕಿತ್ತು. ಅದು ಎಡಕ್ಕೆ ವಾಲುತ್ತಿತ್ತು. ದಪ್ಪನೆಯ ಬಲತೋಳು ಅದನ್ನು ಇನ್ನಷ್ಟು ಎಡಕ್ಕೆ ನೂಕುತ್ತಿತ್ತು. ಕುಲುಮೆಯಲ್ಲಿ ಮೂಕಿಯೂ ಇರಲಿಲ್ಲ, ಭಾರವೂ ಇರಲಿಲ್ಲ.

"ಹೇಳಬಾರದಿತ್ತಾ ನೀನು?"

"ನೀನು ಕೇಳಬಾರದಿತ್ತಾ?"

ಇಬ್ಬರೂ ಕುದುರೆಯನ್ನು ನೋಡಿದರು. ಇಲಿಯೆಶ್ ಅಲ್ಲೇ ನಾಲ್ಕೂ ಲಾಳ ಕಿತ್ತು, ಚೀಲದಲ್ಲಿದ್ದ ಸಮತಟ್ಟಾದ ಲಾಳಗಳನ್ನು ಹೊಡೆದ. ದಿಮ್ಮಿ ಬಿಚ್ಚಿ ಜೋಡಿಯನ್ನು ನಡೆಸಿದರು. ಕುಂಟು ಕಡಿಮೆಯಾಗಿತ್ತು, ಹೋಗಿರಲಿಲ್ಲ.

"ವಾಸಿಯಾಗ್ತಾನಾ?"

"ಗೊತ್ತಿಲ್ಲ ಕಣೋ. ಕೀಲು ಹಳೇ ಕಡೆಗೆ ಒಗ್ಗಿಬಿಟ್ಟಿದೆ. ಹೊಸ ಕಡೆಗೆ ಒಗ್ಗುತ್ತೋ ಇಲ್ವೋ, ದೇವರಾಣೆ ನನಗೆ ಗೊತ್ತಿಲ್ಲ. ಭಾರ ಹೊರಿಸದೆ ನಡೆಸಿ ನೋಡು."

ಶುಕ್ರವಾರ ಒಂಬತ್ತಕ್ಕೆ ಲಾರಿ ಬಂತು. ತೊವಾದರನ ಹೆಂಡತಿ ಪಲಾಗ ಚಾಲಕನಿಗೆ ಗಿಣ್ಣು ತುಂಬಿದ ರೊಟ್ಟಿ ಕೊಟ್ಟು, ಕುದುರೆ ಮನೆಯಲ್ಲಿಲ್ಲ ಎಂದಳು. ಸುರು ಆ ಹೊತ್ತಿಗೆ ಹೊಳೆಯ ದಾರಿಯಲ್ಲಿ ಖಾಲಿ ಬಂಡಿ ಎಳೆಯುತ್ತಿತ್ತು.