ಸಿದ್ದಲಿಂಗವ್ವನ ಕಡೆಯ ಒಡಪು

ಕಸ್ತೂರೆವ್ವನ ಗಂಡ ಶ್ರೀಶೈಲಪ್ಪ ಮಾಸ್ತರ ಸತ್ತು ಎರಡು ವರ್ಷವಾಗಿತ್ತು. ಸಾವಿರದ ಒಂಬೈನೂರ ಎಪ್ಪತ್ತಮೂರರ ಬರಗಾಲದಲ್ಲಿ, ಊರಿನ ಜೋಳ ಹೇರಿಕೊಂಡು ಸೊಲ್ಲಾಪುರಕ್ಕೆ ಹೊರಟಿದ್ದ ಲಾರಿಗೆ ಜನ ಅಡ್ಡ ನಿಂತ ದಿನ, ಪೊಲೀಸರ ಗುಂಡಿಗೆ ಇಬ್ಬರು ಬಿದ್ದರು: ಮಾಸ್ತರ ಮತ್ತು ಹಮಾಲಿ ಧರೆಪ್ಪ. ಕಾಳುಕಡಿ ಮಾರುವ ಅಡತಿ ಅಂಗಡಿಯ ಮಾಳಿಗೆಯಿಂದ ಒಂದು ಕೈ ಪೊಲೀಸರಿಗೆ ಮಾಸ್ತರನನ್ನು ಬೊಟ್ಟು ಮಾಡಿ ತೋರಿಸಿತ್ತು. ವಿಚಾರಣೆಯಲ್ಲಿ ಯಾರೂ ಕಂಡಿಲ್ಲ ಎಂದರು. ಊರಿಗೆಲ್ಲ ಗೊತ್ತು, ಬಾಯಿಗೆ ಬೀಗ.

ಆಕೆ ಅಳಲಿಲ್ಲ. ಧಾರವಾಡದಲ್ಲಿ ತನಗೆ ಕಲಿಸಿದವರ ಹತ್ತಿರ ಟೇಪ್ ರೆಕಾರ್ಡರ್ ಕೇಳಿ ತಂದಳು. ಅಂದು ಲಾರಿಯ ಮುಂದಿದ್ದವರು ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಚದುರಿಹೋಗಿದ್ದರು. ಅಲ್ಲಿಗೆಲ್ಲ ಬಸ್ಸು ಹತ್ತಿದಳು. ಹನ್ನೊಂದು ಮಂದಿ ತಮ್ಮ ಕಥೆ ಹೇಳಿದರು. ಆ ಕೈ ಯಾರದೆಂದು ಒಬ್ಬರೂ ಹೇಳಲಿಲ್ಲ. ಆಕೆಗೆ ಬೇಕಾಗಿದ್ದದ್ದು ಆ ಹೆಸರು ಒಬ್ಬರ ಬಾಯಿಂದಾದರೂ ಬರುವುದು, ಅದೊಂದೇ.

ಅಡತಿ ಅಂಗಡಿಯ ಸಾವಕಾರ ರಾಚಪ್ಪ, ಟೇಪ್ ರೆಕಾರ್ಡರ್ ಕಂಡು, ಈಕೆ ಹೆಂಗಸರ ಹಾಡು ಕೂಡಿಸುತ್ತಿದ್ದಾಳೆಂದುಕೊಂಡ.

"ನಮ್ಮಾಕಿ ಒಡಪ ಹೇಳೂದು ಕೇಳಬೇಕವಾ. ತುಂಬಿಕೋ ನಿನ್ನ ಪೆಟಗ್ಯಾಗ. ಸೋಮವಾರ ಊರ ಮಂದಿಗೆ ಕೇಳಸೂಣು."

ಗಂಡನ ಹೆಸರನ್ನು ಹೆಂಡತಿ ಹಾಗೇ ಹೇಳುವಂತಿಲ್ಲ, ಒಡಪೆಂಬ ಪ್ರಾಸದ ಸಾಲುಗಳಲ್ಲಿ ಪೋಣಿಸಿ ಹೇಳಬಹುದು. ತನ್ನ ಹೆಸರು ಕೇಳುವುದೆಂದರೆ ರಾಚಪ್ಪನಿಗೆ ಹೋಳಿಗೆ ತುಪ್ಪ. ತನ್ನ ಮಗಳ ಉಡಿ ತುಂಬುವಾಗ ಈ ವಿಧವೆ ಹೊಸ್ತಿಲು ತುಳಿಯಬಾರದೆಂದಿದ್ದವನೇ, ಪಡಸಾಲೆಯಲ್ಲಿ ಜಮಖಾನೆ ಹಾಸಿಸಿ ಅಂಗಡಿಗೆ ಹೋದ.

ಅವನ ಹೆಂಡತಿ ಸಿದ್ದಲಿಂಗವ್ವ ಆರು ಒಡಪು ಹೇಳಿದಳು. ಆಮೇಲೆ ಕಸ್ತೂರೆವ್ವ ಬೇರೆ ಕ್ಯಾಸೆಟ್ ಹಾಕಿದಳು. ಧರೆಪ್ಪನ ತಾಯಿ ತಿಪ್ಪವ್ವನ ದನಿ: "ಬಂದು ಉಣ್ತೇನಿ ಅಂದು ಹ್ವಾದ್ರಿ. ಆ ರೊಟ್ಟಿ ಇನ್ನೂ ಬುಟ್ಟ್ಯಾಗ ಐತ್ರಿ. ಹೊರಗ ಚೆಲ್ಲಾಕ ಕೈ ಬರವಲ್ದು."

ಸಿದ್ದಲಿಂಗವ್ವ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಚಾಲೂ ಮಾಡು. ಇನ್ನೊಂದು ಐತಿ."

ಮೊದಲಿನ ಕ್ಯಾಸೆಟ್ ಮತ್ತೆ ತಿರುಗಿತು. ಸಿದ್ದಲಿಂಗವ್ವ ಹೇಳಿ ಮುಗಿಸಿದ ಮೇಲೆ ಕಸ್ತೂರೆವ್ವ ಅಂದಳು, "ಇದನ್ನ ಮಂದಿ ಕೇಳಿದ್ರ ಈ ಮನ್ಯಾಗ ನಿಮಗ ಜಾಗಾ ಇರೂದಿಲ್ರಿ, ಅಕ್ಕಾರ."

"ಈಗ ಎಲ್ಲೈತವಾ?"

ಅದನ್ನು ಕೇಳಿಸುವುದು ಬೇಡವೆನ್ನಲು ಕಸ್ತೂರೆವ್ವನಿಗೆ ನಾಲ್ಕು ದಿನ ಇದ್ದವು. ಅನ್ನಲಿಲ್ಲ.

ಸೋಮವಾರ ರಾಚಪ್ಪನ ಮನೆಯ ಕಟ್ಟೆ ತುಂಬಿತು. ಮೊದಲ ಒಡಪಿಗೇ ಕಟ್ಟೆಯ ತುದಿಗೆ ಕೂತಿದ್ದ ಗುಡುಸಾಬ ನಕ್ಕ: "ಸಾವಕಾರ್ರ, ಪೆಟಗಿಗೂ ನಿಮ್ಮ ಹೆಸರು ಬಾಯಿಪಾಠ ಆತಲ್ರಿ!" ರಾಚಪ್ಪ ಮೀಸೆ ತೀಡಿದ. ಆರು ಮುಗಿದವು. ಏಳನೆಯದು ಬಂತು:

"ಮಾಳಿಗಿ ಖಿಡಕ್ಯಾಗ ಹರಳುಂಗುರದ ಕೈ,
ಮಾಸ್ತರನ ಎದಿಯಾಗ ಗುಂಡಿನ ಘಾಯ,
ಬೊಟ್ಟು ಮಾಡಿ ತೋರಿಸಿದಾಂವ ನನ ಗಂಡ ರಾಚಪ್ಪರಾಯ."



"ಬಂದ್ ಮಾಡಲೇ ಅದನ್ನ!" ರಾಚಪ್ಪ ಪೆಟ್ಟಿಗೆಯತ್ತ ಬೊಟ್ಟು ಚಾಚಿ ಕೂಗಿದ. ಚಾಚಿದ ಬೆರಳಲ್ಲಿ ಹರಳಿನ ಉಂಗುರ. ಜನ ಪೆಟ್ಟಿಗೆ ನೋಡಲಿಲ್ಲ, ಅದನ್ನೇ ನೋಡಿದರು. ಅವನು ಗಬಕ್ಕನೆ ಕೈಯನ್ನು ಧೋತರದಲ್ಲಿ ಮುಚ್ಚಿಕೊಂಡ.

ಹಿಂದಿನಿಂದ ತಿಪ್ಪವ್ವ ಎದ್ದು ನಿಂತಳು. "ನನಗ ಕಿವಿ ಮಂದ ಅದಾವವಾ. ಇನ್ನೊಮ್ಮೆ ಹಚ್ಚು."

ಬಾಗಿಲಲ್ಲಿ ಸಿದ್ದಲಿಂಗವ್ವ ನಿಂತಿದ್ದಳು, ಕಂಕುಳಲ್ಲಿ ಬಟ್ಟೆಯ ಗಂಟು. ಕಸ್ತೂರೆವ್ವ ಆ ಗಂಟನ್ನು ಕಂಡಳು. ಕಂಡೂ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿದಳು, ದನಿ ಏರಿಸಿ ಹಚ್ಚಿದಳು.